ಹೆಸರಿನ ಖಾತೆ ಯಾರ ಕೈಯಲ್ಲಿ?

ನಮ್ಮ ಊರು ಹುಲ್ಲಹಳ್ಳಿ. ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನಲ್ಲಿ, ಕಪಿಲೆಯ ದಡದಲ್ಲಿ, ಹಳೆಯ ಕಟ್ಟೆಯ ನಾಲೆಯ ನೀರಿನಿಂದ ಬತ್ತ ಬೆಳೆಯುವ ಊರು. ಬೆಂಗಳೂರಿಗೆ ಹೋದಾಗ ಯಾರಾದರೂ ಊರು ಕೇಳಿ, ನಾನು ಹುಲ್ಲಹಳ್ಳಿ ಎಂದರೆ, “ಬೇಗೂರಿನ ಹತ್ತಿರದ ಹುಲ್ಲಹಳ್ಳಿಯೇ?” ಎನ್ನುವುದುಂಟು. ಆನೇಕಲ್ ತಾಲ್ಲೂಕಿನಲ್ಲಿ ಇನ್ನೊಂದು ಹುಲ್ಲಹಳ್ಳಿಯಿದೆ. ಅವರು ಕೇಳುವುದು ಅದನ್ನು. ತಮಾಷೆಯ ಸಂಗತಿಯೆಂದರೆ, ನಂಜನಗೂಡಿನಿಂದ ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿಯಲ್ಲಿಯೂ ಒಂದು ಬೇಗೂರಿದೆ! ಹೀಗಾಗಿ ಊರಿಗೆ ನೆರೆಯೂರಿನ ಹೆಸರನ್ನು ಸೇರಿಸಿ ಹೇಳಿದರೂ ಗೊಂದಲ ತೀರುವುದಿಲ್ಲ. ತಾಲ್ಲೂಕು, ಜಿಲ್ಲೆಗಳನ್ನು ಹೇಳಿದ ಮೇಲೆಯೇ ಕೇಳಿದವರಿಗೆ ಸಮಾಧಾನ. ನಮ್ಮ ಅಂಚೆಯವರು 1972ರ ಆಗಸ್ಟ್ 15ರಂದು ಪಿನ್ ಕೋಡ್ ಎಂಬ ಆರಂಕಿಯ ಸಂಖ್ಯೆಯನ್ನು ಜಾರಿಗೆ ತಂದುದಕ್ಕೆ ಒಂದು ಕಾರಣವೂ ಇದೇ: ದೇಶದಲ್ಲಿ ಒಂದೇ ಹೆಸರಿನ ಊರುಗಳು ಬಹಳ.

ಒಂದು ಹೆಸರು ಒಂದೇ ಸ್ಥಳವನ್ನು ತೋರಿಸಬೇಕು. ಅದನ್ನು ಯಾರು ಗೊತ್ತುಮಾಡಬೇಕು? ಈ ಪ್ರಶ್ನೆ ಅಂಚೆಯವರಿಗೆ ಎದುರಾದಂತೆಯೇ ಅಂತರ್ಜಾಲಕ್ಕೂ ಎದುರಾಯಿತು. ಅದಕ್ಕೆ ನಾಲ್ವತ್ತು ವರ್ಷಗಳ ಹಿಂದೆ ದೊರೆತ ಒಂದು ಉತ್ತರದ ಮೇಲೆಯೇ ಇಂದಿನ ಜಗತ್ತು ನಡೆಯುತ್ತಿದೆ. ಕಳೆದ ಹದಿನೈದು ವರ್ಷಗಳಿಂದ ಕೆಲವರು, “ಆ ಉತ್ತರ ಸಾಲದು; ಹೆಸರುಗಳ ಲೆಕ್ಕವನ್ನು ಬ್ಲಾಕ್‌ಚೈನ್ ಎಂಬ ಹೊಸ ದಫ್ತರಕ್ಕೆ ಒಪ್ಪಿಸೋಣ” ಎನ್ನುತ್ತಿರುವರು. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ, ಬಿ.ಎ. ತರಗತಿಯಲ್ಲಿ ಇತಿಹಾಸ, ಕನ್ನಡಗಳನ್ನು ಓದುತ್ತಿರುವೆನು. ಆದರೂ ಈ ವಿಷಯ ಯಂತ್ರಗಳಿಗೆ ಮಾತ್ರ ಸಂಬಂಧಿಸಿದುದಲ್ಲವೆಂದು ತೋರಿದುದರಿಂದ, ನಾನು ತಿಳಿದುಕೊಂಡಷ್ಟನ್ನು ಗೆಳೆಯರ ಮತ್ತು ಗುರುಗಳ ಮುಂದಿಡಲು ಸಾಹಸ ಮಾಡಿದ್ದೇನೆ.

ಮೊದಲು ಹಳೆಯ ಉತ್ತರ. ಅಂತರ್ಜಾಲಕ್ಕೆ ಸೇರಿದ ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯೆಯಿರುತ್ತದೆ. ಯಂತ್ರಗಳು ಪರಸ್ಪರ ಕರೆಯುವುದು ಈ ಸಂಖ್ಯೆಯಿಂದಲೇ. ಆದರೆ ಮನುಷ್ಯನ ನೆನಪಿಗೆ ಸಂಖ್ಯೆಗಿಂತ ಹೆಸರು ಹತ್ತಿರ. ಆದುದರಿಂದ ಯಾವ ಹೆಸರಿಗೆ ಯಾವ ಸಂಖ್ಯೆ ಎಂದು ಹೇಳುವ ಒಂದು ಪಟ್ಟಿ ಬೇಕಾಯಿತು. ಆರಂಭದಲ್ಲಿ ಈ ಪಟ್ಟಿ ಒಂದೇ ಕಡತವಾಗಿದ್ದಿತು. ಅಮೆರಿಕದ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ನೇತೃತ್ವದ ಕಚೇರಿ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರ ಬಂದರೆ ಅಲ್ಲಿಗೆ ತಿಳಿಸಬೇಕು. ಅವರು ಪಟ್ಟಿಗೆ ಸೇರಿಸಬೇಕು. ಉಳಿದವರೆಲ್ಲ ಆಗಾಗ ಹೊಸ ಪಟ್ಟಿಯನ್ನು ತರಿಸಿಕೊಳ್ಳಬೇಕು. ಕೆಲವು ನೂರು ಯಂತ್ರಗಳಿದ್ದಾಗ ಇದು ನಡೆಯಿತು. ಊರು ಬೆಳೆದಂತೆ ಒಬ್ಬ ಶಾನುಭೋಗರ ಪುಸ್ತಕ ಸಾಲದಾಯಿತು.

1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿ ಬೇರೊಂದು ಏರ್ಪಾಡನ್ನು ರೂಪಿಸಿದನು. ಅದನ್ನೇ ಇಂದು ಡೊಮೇನ್ ಹೆಸರುಗಳ ವ್ಯವಸ್ಥೆ ಎನ್ನುವರು. ಅದರ ಗುಟ್ಟು ನಮ್ಮ ಅಂಚೆಯ ವಿಳಾಸದಲ್ಲಿಯೇ ಇದೆ. ಕಾಗದವನ್ನು ವಿಂಗಡಿಸುವವನು ವಿಳಾಸವನ್ನು ಕೆಳಗಿನಿಂದ ಮೇಲಕ್ಕೆ ಓದುವನು: ಮೊದಲು ರಾಜ್ಯ, ಆಮೇಲೆ ಜಿಲ್ಲೆ, ತಾಲ್ಲೂಕು, ಊರು, ಕೊನೆಗೆ ಮನೆ. ಹಾಗೆಯೇ ನಮ್ಮ ರಾಜ್ಯಸರ್ಕಾರದ ಜಾಲತಾಣದ ಹೆಸರಾದ ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಎಂಬುದನ್ನು ಯಂತ್ರ ಬಲಗಡೆಯಿಂದ ಓದುತ್ತದೆ. ಎಲ್ಲಕ್ಕೂ ಮೇಲೆ ಮೂಲ ದಫ್ತರವೊಂದಿದೆ. ಅದನ್ನು ಕೇಳಿದರೆ, “ಕರ್ನಾಟಕ ನನಗೆ ಗೊತ್ತಿಲ್ಲ; ‘ಇನ್’ ಎಂಬುದನ್ನು ನೋಡಿಕೊಳ್ಳುವವರು ಇಂಥಲ್ಲಿರುವರು, ಅಲ್ಲಿ ಕೇಳು” ಎನ್ನುತ್ತದೆ. ‘ಇನ್’ನವರು ‘ಗವ್’ನವರನ್ನು ತೋರಿಸುವರು, ‘ಗವ್’ನವರು ಕರ್ನಾಟಕವನ್ನು ತೋರಿಸುವರು. ಕೊನೆಗೆ ಸಂಖ್ಯೆ ದೊರೆಯುತ್ತದೆ. ಇಷ್ಟೆಲ್ಲ ನಡೆಯುವುದು ನಾವು ರೆಪ್ಪೆ ಬಡಿಯುವುದರೊಳಗೆ. ಒಮ್ಮೆ ಕೇಳಿದುದನ್ನು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುವ ಅಭ್ಯಾಸವೂ ಯಂತ್ರಗಳಿಗಿದೆ. ಇಲ್ಲವಾದರೆ ಮೂಲ ದಫ್ತರದ ಬಾಗಿಲಲ್ಲಿ ಜಗತ್ತೇ ಸರತಿಯ ಸಾಲು ನಿಲ್ಲಬೇಕಾಗುತ್ತಿತ್ತು.

ಈ ಮೂಲ ದಫ್ತರಕ್ಕೆ 13 ಹೆಸರುಗಳ ಸರ್ವರ್‌ಗಳಿವೆ. ಅವುಗಳನ್ನು ನಡೆಸುವ ಸಂಸ್ಥೆಗಳು 12. ಅವುಗಳ ಪಡಿಯಚ್ಚುಗಳಾದರೋ ಭಾರತವೂ ಸೇರಿದಂತೆ ಲೋಕದಾದ್ಯಂತ ಸಾವಿರಕ್ಕೂ ಮಿಕ್ಕಿ ಇವೆ. ದಫ್ತರದಲ್ಲಿ ಏನು ಬರೆಯಬೇಕೆಂಬುದರ ಮೇಲ್ವಿಚಾರಣೆ 1998ರಲ್ಲಿ ಹುಟ್ಟಿದ ಐಕ್ಯಾನ್ ಎಂಬ ಲಾಭರಹಿತ ಸಂಸ್ಥೆಯದು. ಅದರ ಮೇಲೆ ಅಮೆರಿಕ ಸರ್ಕಾರಕ್ಕಿದ್ದ ಒಪ್ಪಂದದ ಹಿಡಿತ 2016ರ ಅಕ್ಟೋಬರ್ 1ರಂದು ಕೊನೆಗೊಂಡಿತು. ‘ಇನ್’ ಎಂಬ ನಮ್ಮ ದೇಶದ ಪಾಲು 1989ರಿಂದ ಇದೆ. 2005ರಿಂದ ಅದನ್ನು ನಿಕ್ಸಿ ಎಂಬ ಭಾರತೀಯ ಸಂಸ್ಥೆ ನೋಡಿಕೊಳ್ಳುತ್ತಿದೆ.

ಈ ಏರ್ಪಾಡು ಕೆಟ್ಟಾಗಲೇ ಅದರ ಬೆಲೆ ನಮಗೆ ತಿಳಿಯುವುದು. 2021ರ ಅಕ್ಟೋಬರ್ 4ರ ರಾತ್ರಿ ವಾಟ್ಸಾಪ್ ನಿಂತುಹೋದುದು ಅನೇಕರಿಗೆ ನೆನಪಿರಬಹುದು. ಊರಿನಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಫೋನೇ ಕೆಟ್ಟಿತೆಂದು ತಿಳಿದು ಆರಿಸಿ ಹೊತ್ತಿಸಿ ನೋಡಿದರು. ಕೆಟ್ಟಿದ್ದುದು ಫೋನಲ್ಲ. ಫೇಸ್‌ಬುಕ್ ಸಂಸ್ಥೆಯ ಒಳಜಾಲದಲ್ಲಿ ನಡೆದ ಒಂದು ತಪ್ಪಿನಿಂದ, ಆ ಸಂಸ್ಥೆಯ ಹೆಸರಿಗೆ ಸಂಖ್ಯೆ ಹೇಳುವ ಯಂತ್ರಗಳೇ ಹೊರಜಗತ್ತಿಗೆ ಕಾಣದಾದವು. ಸುಮಾರು ಆರು ಗಂಟೆಗಳ ಕಾಲ ಅಷ್ಟು ದೊಡ್ಡ ಸಂಸ್ಥೆ ವಿಳಾಸವಿಲ್ಲದ ಮನೆಯಾಯಿತು.

ಆದರೆ ಹೊಸ ದಫ್ತರದವರ ಆಕ್ಷೇಪಣೆ ಇಂಥ ಆಕಸ್ಮಿಕಗಳನ್ನು ಕುರಿತುದಲ್ಲ, ಅಧಿಕಾರವನ್ನು ಕುರಿತದ್ದು. ಹಳೆಯ ವ್ಯವಸ್ಥೆಯಲ್ಲಿ ಹೆಸರು ನಮ್ಮ ಸ್ವತ್ತಲ್ಲ, ಬಾಡಿಗೆಯ ಮನೆ. ವರ್ಷ ವರ್ಷವೂ ಹಣ ಕಟ್ಟಬೇಕು. ಮೇಲಿನವರು ಮನಸ್ಸು ಮಾಡಿದರೆ ಬೋರ್ಡನ್ನು ಕಿತ್ತುಹಾಕಬಹುದು. 2010ರ ಡಿಸೆಂಬರ್‌ನಲ್ಲಿ ವಿಕಿಲೀಕ್ಸ್ ಜಾಲತಾಣಕ್ಕೆ ಹೀಗಾಯಿತು. ಅದರ ಮೇಲೆ ನಡೆಯುತ್ತಿದ್ದ ದಾಳಿಯಿಂದ ಇತರ ಗ್ರಾಹಕರಿಗೆ ತೊಂದರೆಯೆಂದು ಹೇಳಿ, ಹೆಸರನ್ನು ತೋರಿಸುತ್ತಿದ್ದ ಸಂಸ್ಥೆ ತನ್ನ ಸೇವೆಯನ್ನು ನಿಲ್ಲಿಸಿತು. ತಾಣವಿದ್ದರೂ ಅದರ ದಾರಿ ಅಳಿಸಿಹೋಯಿತು. 2022ರ ಫೆಬ್ರವರಿ ಕೊನೆಯಲ್ಲಿ ಯುದ್ಧಕ್ಕೆ ಸಿಕ್ಕಿದ ಯುಕ್ರೇನ್, ರಷ್ಯದ ‘ರು’ ಎಂಬ ಹೆಸರನ್ನೇ ಮೂಲ ದಫ್ತರದಿಂದ ತೆಗೆಯಬೇಕೆಂದು ಐಕ್ಯಾನನ್ನು ಕೇಳಿತು. ಮಾರ್ಚ್ 2ರಂದು ಐಕ್ಯಾನ್, ತಾನು ಯಾರ ಪಕ್ಷವನ್ನೂ ವಹಿಸುವುದಿಲ್ಲವೆಂದು ನಿರಾಕರಿಸಿತು. ನಿರಾಕರಿಸಿದುದು ಸರಿ. ಆದರೆ ಅಂತಹ ಒಂದು ಬಾಗಿಲಿದೆ, ಅದರ ಕೀಲಿ ಒಬ್ಬರ ಸೊಂಟದಲ್ಲಿದೆ ಎಂಬುದು ಅಂದು ಎಲ್ಲರಿಗೂ ಕಂಡಿತು.

ಈ ಕೀಲಿಯೇ ಬೇಡವೆನ್ನುವವರ ಆಯುಧ ಬ್ಲಾಕ್‌ಚೈನ್. ಹೆಸರು ಬಿರುಸಾದರೂ ವಿಷಯ ಕಷ್ಟದ್ದಲ್ಲ. ಒಂದು ಊರಿನ ಖಾತೆಯ ಪುಸ್ತಕ ಶಾನುಭೋಗರೊಬ್ಬರ ಮನೆಯಲ್ಲಿರುವ ಬದಲು, ಪ್ರತಿಯೊಬ್ಬ ಒಕ್ಕಲಿನ ಮನೆಯಲ್ಲಿಯೂ ಅದರ ಪೂರ್ತಿ ಪ್ರತಿ ಇದೆಯೆಂದು ಭಾವಿಸಿರಿ. ಹೊಸ ವಿಷಯವನ್ನು ಬರೆಯಬೇಕಾದರೆ ಎಲ್ಲರೂ ಒಂದೇ ನಿಯಮದಿಂದ ಪರೀಕ್ಷಿಸಿ, ಎಲ್ಲರ ಪುಸ್ತಕದಲ್ಲಿಯೂ ಒಂದೇ ಪುಟವನ್ನು ಸೇರಿಸಬೇಕು. ಪ್ರತಿಯೊಂದು ಪುಟದ ತಲೆಯ ಮೇಲೆ ಹಿಂದಿನ ಪುಟದ ಮುದ್ರೆಯೊಂದಿರುತ್ತದೆ. ಆ ಮುದ್ರೆ ಹಿಂದಿನ ಪುಟದ ಅಕ್ಷರಗಳನ್ನೆಲ್ಲ ಒಂದು ಗಣಿತಕ್ರಿಯೆಗೆ ಒಳಪಡಿಸಿ ಪಡೆದ ಸಂಖ್ಯೆ. ಹಳೆಯ ಪುಟದಲ್ಲಿ ಒಂದು ಕೊಂಬನ್ನೋ ಒಂದು ಸೊನ್ನೆಯನ್ನೋ ತಿದ್ದಿದರೂ ಮುದ್ರೆ ಬದಲಾಗುವುದು. ಮುಂದಿನ ಪುಟಗಳೊಂದೂ ಅದಕ್ಕೆ ಕೂಡುವುದಿಲ್ಲ. ಕಳ್ಳತನದಿಂದ ತಿದ್ದಿದವನು ಕೂಡಲೆ ಸಿಕ್ಕಿಬೀಳುವನು. ಪುಟಗಳ ಈ ಸರಪಣಿಗೆ ಬ್ಲಾಕ್‌ಚೈನ್ ಎಂದು ಹೆಸರು. ಸತೋಷಿ ನಕಮೊಟೊ ಎಂಬ ಗುಪ್ತನಾಮದಿಂದ 2008ರಲ್ಲಿ ಪ್ರಕಟವಾದ ಲೇಖನವೊಂದು ಇದನ್ನು ಬಿಟ್‌ಕಾಯಿನ್ ಎಂಬ ನಾಣ್ಯಕ್ಕಾಗಿ ವಿವರಿಸಿತು. 2009ರ ಜನವರಿಯಲ್ಲಿ ಅದು ಬಳಕೆಗೆ ಬಂದಿತು.

ಈ ಪುಸ್ತಕದಲ್ಲಿ ಹಣದ ಲೆಕ್ಕದ ಬದಲು ಹೆಸರುಗಳನ್ನು ಬರೆದರೆ? ಮೊದಲು ಬಂದು ಶುಲ್ಕ ಕೊಟ್ಟವನಿಗೆ ಹೆಸರು. ಅವನಲ್ಲಿ ಒಂದು ರಹಸ್ಯ ಕೀಲಿಯಿರುತ್ತದೆ. ಅದೂ ಒಂದು ದೊಡ್ಡ ಸಂಖ್ಯೆಯೇ, ಹಿಂದಿನ ಕಾಲದ ಮುದ್ರೆಯುಂಗುರದಂತೆ. ಆ ಉಂಗುರದ ಗುರುತಿಲ್ಲದೆ ಹೆಸರನ್ನು ಮಾರಲು, ಬದಲಿಸಲು, ಕಿತ್ತುಕೊಳ್ಳಲು ಯಾರಿಗೂ ಸಾಧ್ಯವಿಲ್ಲ. ರಾಜನಿಗೂ ಇಲ್ಲ, ಕಂಪೆನಿಗೂ ಇಲ್ಲ.

ಇದು ಪಂಡಿತರಿಗೂ ಆಶ್ಚರ್ಯವನ್ನುಂಟುಮಾಡಿದ ಸಂಗತಿ. 2001ರಲ್ಲಿ ಜೂಕೋ ವಿಲ್ಕಾಕ್ಸ್ ಎಂಬಾತ ಒಂದು ತ್ರಿಕೋಣದ ಮಾತನ್ನು ಹೇಳಿದ್ದನು: ಹೆಸರು ಮನುಷ್ಯರಿಗೆ ಅರ್ಥವಾಗಬೇಕು, ಮೋಸಕ್ಕೆ ಎಡೆಗೊಡಬಾರದು, ಒಬ್ಬ ಯಜಮಾನನ ಕೈಯಲ್ಲಿರಬಾರದು, ಈ ಮೂರರಲ್ಲಿ ಎರಡು ಮಾತ್ರ ಒಟ್ಟಿಗೆ ದೊರೆಯಬಹುದು, ಮೂರೂ ದೊರೆಯವು ಎಂದು. 2011ರ ಜನವರಿಯಲ್ಲಿ ಏರನ್ ಸ್ವಾರ್ಟ್ಜ್ ಎಂಬ ತರುಣನು, ಬಿಟ್‌ಕಾಯಿನ್ನಿನ ಮಾದರಿಯ ಪುಸ್ತಕದಿಂದ ಮೂರೂ ದೊರೆಯಬಲ್ಲವೆಂದು ಬರೆದನು. ಅದೇ ವರ್ಷದ ಏಪ್ರಿಲ್‌ನಲ್ಲಿ ನೇಮ್‌ಕಾಯಿನ್ ಹುಟ್ಟಿತು. ಅದರ ಹೆಸರುಗಳು ‘ಬಿಟ್’ ಎಂದು ಕೊನೆಗೊಳ್ಳುತ್ತಿದ್ದವು. 2017ರ ಮೇ 4ರಂದು ಎಥೀರಿಯಮ್ ಎಂಬ ಬ್ಲಾಕ್‌ಚೈನಿನ ಮೇಲೆ ‘ಇಎನ್‌ಎಸ್’ ಎಂಬ ಹೆಸರುಗಳ ಸೇವೆ ಆರಂಭವಾಯಿತು. ಅದರ ಕೊನೆಯ ಪದ ‘ಎಥ್’. 2020ರ ಫೆಬ್ರವರಿಯಲ್ಲಿ ಬಂದ ಹ್ಯಾಂಡ್‌ಶೇಕ್ ಇನ್ನೂ ಧೈರ್ಯಶಾಲಿ. ಅದು ಒಂದು ಪದವನ್ನಲ್ಲ, ಮೂಲ ದಫ್ತರವನ್ನೇ ಬ್ಲಾಕ್‌ಚೈನಿಗೆ ತಂದು, ಕೊನೆಯ ಪದಗಳನ್ನೇ ಹರಾಜಿಗೆ ಇಟ್ಟಿತು. ಒಮ್ಮೆ ಕೊಂಡರೆ ಬಾಡಿಗೆಯಿಲ್ಲವೆಂದು ಹೇಳಿ ಹೆಸರುಗಳನ್ನು ಮಾರಿದ ಅನ್‌ಸ್ಟಾಪಬಲ್ ಡೊಮೇನ್ಸ್ ಎಂಬ ಕಂಪೆನಿಯೂ ಈ ಸಾಲಿನದೇ.

ಆಶಯ ದೊಡ್ಡದು. ಅನುಭವ ಏನು ಹೇಳುತ್ತದೆ?

ಮೊದಲನೆಯದಾಗಿ, ಹೆಸರುಗಳನ್ನು ಹಿಡಿದಿಟ್ಟವರೇ ಹೆಚ್ಚು, ಬಳಸಿದವರು ಕಡಮೆ. 2015ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ನೇಮ್‌ಕಾಯಿನ್ನಿನ ಸುಮಾರು 1,20,000 ಹೆಸರುಗಳನ್ನು ಪರೀಕ್ಷಿಸಿದರು. ಲಾಭಕ್ಕಾಗಿ ಹಿಡಿದಿಡದೆ, ನೋಡತಕ್ಕ ವಿಷಯವನ್ನು ಇಟ್ಟಿದ್ದ ತಾಣಗಳು ಎಷ್ಟಿದ್ದವು ಗೊತ್ತೇ? ಕೇವಲ 28! ‘ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ’ ಎಂಬ ಗಾದೆ ಇದಕ್ಕಿಂತ ಚೆನ್ನಾಗಿ ಬೇರೆಲ್ಲಿ ಒಪ್ಪೀತು? ಶುಲ್ಕ ಅತ್ಯಲ್ಪವಾಗಿದ್ದುದರಿಂದ, ಮುಂದೆ ಯಾರಾದರೂ ಕೊಂಡಾರೆಂದು ಜನ ಕಂಡ ಕಂಡ ಹೆಸರುಗಳಿಗೆ ಬೇಲಿ ಹಾಕಿದ್ದರು. ಇಎನ್‌ಎಸ್‌ನವರು ಈ ಪಾಠ ಕಲಿತು, 2019ರಿಂದ ವರ್ಷದ ಬಾಡಿಗೆಯನ್ನು ಗೊತ್ತುಮಾಡಿದರು: ಐದು ಮತ್ತು ಹೆಚ್ಚು ಅಕ್ಷರಗಳ ಹೆಸರಿಗೆ 5 ಡಾಲರು, ನಾಲ್ಕಕ್ಕೆ 160, ಮೂರಕ್ಕೆ 640. ಬಾಡಿಗೆ ಬೇಡವೆಂದು ಹೊರಟವರು ಬಾಡಿಗೆಗೇ ಬಂದರು.

ಎರಡನೆಯದು, ನಾನು ಆರಂಭದಲ್ಲಿ ಹೇಳಿದ ಎರಡು ಹುಲ್ಲಹಳ್ಳಿಗಳ ತೊಡಕು. ಒಂದು ಪುಸ್ತಕದೊಳಗೆ ಒಂದು ಹೆಸರು ಒಮ್ಮೆ ಮಾತ್ರ ಬರಬಹುದು, ನಿಜ. ಆದರೆ ಪುಸ್ತಕಗಳೇ ಹಲವಾದರೆ? ‘ಕಾಯಿನ್’ ಎಂದು ಕೊನೆಗೊಳ್ಳುವ ಹೆಸರುಗಳನ್ನು ಅನ್‌ಸ್ಟಾಪಬಲ್ ಡೊಮೇನ್ಸ್ ಮಾರತೊಡಗಿತು. ಎಮರ್‌ಕಾಯಿನ್ ಎಂಬ ಬೇರೊಂದು ಬ್ಲಾಕ್‌ಚೈನ್ ಅದೇ ಪದವನ್ನು 2014ರಿಂದಲೇ ಬಳಸುತ್ತಿದ್ದುದು ಆಮೇಲೆ ತಿಳಿದು, 2022ರಲ್ಲಿ ಅದರ ಮಾರಾಟವನ್ನು ನಿಲ್ಲಿಸಬೇಕಾಯಿತು. ‘ಎಥ್’ ಎಂಬುದಾದರೋ ಅಂತರರಾಷ್ಟ್ರೀಯ ಸಂಕೇತಗಳ ಪಟ್ಟಿಯಲ್ಲಿ ಇಥಿಯೋಪಿಯ ದೇಶದ ಮೂರಕ್ಷರ. ಇಬ್ಬರು ಶಾನುಭೋಗರು, ಎರಡು ಪುಸ್ತಕ, ಒಂದೇ ಜಮೀನು! ಯಾವ ಪುಸ್ತಕ ಸರಿಯೆಂದು ಹೇಳಲು ಪುಸ್ತಕಗಳ ಹೊರಗಿರುವ ಒಬ್ಬರು ಬೇಕೇ ಬೇಕು.

ಮೂರನೆಯದು ದಾರಿಯ ಸಮಸ್ಯೆ. ನಮ್ಮ ನಿಮ್ಮ ಫೋನಿನ ಸಾಮಾನ್ಯ ಬ್ರೌಸರುಗಳು ಹಳೆಯ ದಫ್ತರವನ್ನು ಮಾತ್ರ ಕೇಳುತ್ತವೆ. ಹೊಸ ಹೆಸರುಗಳನ್ನು ತಲಪಲು ಒಂದು ಸೇತುವೆ ಬೇಕು. ‘ಎಥ್’ ಹೆಸರುಗಳಿಗೆ ‘ಎಥ್ ಡಾಟ್ ಲಿಂಕ್’ ಎಂಬ ಸೇತುವೆಯಿದ್ದಿತು. ಅದು ಹಳೆಯ ವ್ಯವಸ್ಥೆಯ ಹೆಸರೇ. 2022ರಲ್ಲಿ ಅದರ ಅವಧಿ ಮುಗಿದಾಗ, ನವೀಕರಿಸುವ ಅಧಿಕಾರವಿದ್ದ ವ್ಯಕ್ತಿ ಅಮೆರಿಕದ ಸೆರೆಮನೆಯಲ್ಲಿದ್ದನು. ಹೆಸರು ಪರರ ಪಾಲಾಯಿತು. ಯಾರ ಅಪ್ಪಣೆಯೂ ಬೇಡವೆಂದವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ತಡೆಯಾಜ್ಞೆ ದೊರೆತ ಮೇಲೆ ಸೇತುವೆ ಮರಳಿ ಸಿಕ್ಕಿತು.

ನಾಲ್ಕನೆಯದು ನಮ್ಮ ಕನ್ನಡಕ್ಕೆ ನೇರವಾಗಿ ಸಂಬಂಧಿಸಿದುದು. ಡೊಮೇನ್ ಹೆಸರುಗಳು ಬಹಳ ಕಾಲ ರೋಮನ್ ಅಕ್ಷರಗಳಲ್ಲಿಯೇ ಇದ್ದವು. 1996ರಲ್ಲಿ ಡಾ. ಯು. ಬಿ. ಪವನಜ ಅವರು ‘ವಿಶ್ವಕನ್ನಡ’ವನ್ನು ಕನ್ನಡದ ಮೊದಲ ಜಾಲತಾಣವಾಗಿ ಆರಂಭಿಸಿದಾಗ ಒಳಗಿನದು ಕನ್ನಡ, ಬಾಗಿಲ ಮೇಲಿನ ಹೆಸರು ಇಂಗ್ಲಿಷ್ ಅಕ್ಷರ. 2014ರ ಆಗಸ್ಟ್‌ನಲ್ಲಿ ದೇವನಾಗರಿಯ ‘ಭಾರತ’ ಎಂಬ ಕೊನೆಯ ಪದ ಬಳಕೆಗೆ ಬಂದಿತು. ಅನಂತರ ಕನ್ನಡ ಲಿಪಿಯ ‘ಭಾರತ’ವೂ ಮೂಲ ದಫ್ತರವನ್ನು ಸೇರಿತು. ಯಂತ್ರಗಳು ಅದನ್ನು ‘ಎಕ್ಸ್‌ಎನ್’ ಎಂದು ಆರಂಭವಾಗುವ ರೋಮನ್ ಅಕ್ಷರಾಂಕಗಳ ಸರಣಿಯಾಗಿ ಬರೆದುಕೊಂಡರೂ ನಾವು ಕನ್ನಡದಲ್ಲಿಯೇ ಬರೆಯಬಹುದು.

ಇಲ್ಲಿ ಒಂದು ಸೂಕ್ಷ್ಮವಿದೆ. ಕನ್ನಡ ತೆಲುಗು ಲಿಪಿಗಳು ಅಕ್ಕತಂಗಿಯರು. ಎರಡರ ಅ, ಜ, ಬ, ಲ ಮೊದಲಾದ ಅಕ್ಷರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ನಮ್ಮ ಕಣ್ಣಿಗೆ ಭೇದ ತೋರುವುದು ಕಷ್ಟ. ಯಂತ್ರಕ್ಕಾದರೋ ಅವು ಬೇರೆ ಬೇರೆ ಸಂಖ್ಯೆಗಳು. ಕನ್ನಡದ ‘ಜಲ’ ಎಂಬ ಹೆಸರು ನಿಮ್ಮದಾಗಿರಲಿ. ಮೋಸಗಾರನೊಬ್ಬನು ತೆಲುಗು ಅಕ್ಷರಗಳಿಂದ ‘ಜಲ’ ಎಂದು ಬರೆದು ಹೆಸರು ಪಡೆದರೆ, ನಿಮ್ಮಲ್ಲಿಗೆ ಬರಬೇಕಾದವರು ಅವನ ಬಾಗಿಲಿಗೆ ಹೋಗುವರು. ಬ್ಯಾಂಕಿನ ಹೆಸರಿನಲ್ಲಿ ಹೀಗಾದರೆ ಗತಿಯೇನು? ಇದನ್ನು ತಡೆಯಲೆಂದು, ಬ್ರಾಹ್ಮಿಯಿಂದ ಹುಟ್ಟಿದ ಒಂಬತ್ತು ಲಿಪಿಗಳ ತಜ್ಞರ ಮಂಡಲಿಯೊಂದು ವರ್ಷಗಟ್ಟಲೆ ಕುಳಿತು, ಮೂಲ ದಫ್ತರದಲ್ಲಿ ಕನ್ನಡದ ಯಾವ ಅಕ್ಷರಗಳು ಬರಬಹುದು, ಯಾವುದರ ಮುಂದೆ ಯಾವುದು ನಿಲ್ಲಬಹುದು, ತೆಲುಗಿನ ಯಾವ ಅಕ್ಷರಕ್ಕೆ ಯಾವುದು ಸಮಾನವೆಂದು ಎಣಿಸಬೇಕು ಎಂದು ನಿಯಮಗಳನ್ನು ಬರೆಯಿತು. ಕನ್ನಡದ ನಿಯಮಾವಳಿ 2019ರಲ್ಲಿ ಸಿದ್ಧವಾಯಿತು. ಇಂತಹ ಕೆಲಸವನ್ನು ಬರಿಯ ‘ಮೊದಲು ಬಂದವನಿಗೆ ಮೊದಲು’ ಎಂಬ ನಿಯಮ ಮಾಡಲಾರದು. ಲಿಪಿಯನ್ನು ಬಲ್ಲವರು ಕುಳಿತು ಯೋಚಿಸಬೇಕು. ಇಎನ್‌ಎಸ್‌ನವರೂ 2023ರಲ್ಲಿ ಅಕ್ಷರಗಳ ನಿಯಮಾವಳಿಯೊಂದನ್ನು ಬರೆಸಿಕೊಂಡರೆಂಬುದನ್ನು ಇಲ್ಲಿ ನೆನೆಯಬೇಕು.

ಇನ್ನು ಐದನೆಯದು. ಇದನ್ನು ಹೇಳಲು ನಮ್ಮ ಮನೆಯ ಒಂದು ವಿಷಯವನ್ನು ತರಬೇಕಾಗಿದೆ, ವಾಚಕರು ಕ್ಷಮಿಸಬೇಕು.

ನಮ್ಮ ತಾತನವರು ತೀರಿಕೊಂಡ ಮೇಲೆ, ಅವರ ಹೆಸರಿನಲ್ಲಿದ್ದ ಒಂದೂಕಾಲು ಎಕರೆ ಗದ್ದೆಯ ಪೌತಿ ಖಾತೆಯನ್ನು ನಮ್ಮ ತಂದೆಯವರ ಹೆಸರಿಗೆ ಮಾಡಿಸಬೇಕಾಯಿತು. ಮರಣಪತ್ರದಲ್ಲಿ ತಾತನ ಹೆಸರಿನ ಕೊನೆಗೆ ‘ಯ್ಯ’ ಎಂದಿತ್ತು; ಪಹಣಿಯಲ್ಲಿ ‘ಪ್ಪ’ ಎಂದಿತ್ತು. ಇಬ್ಬರೂ ಒಬ್ಬರೇ ಎನ್ನುವುದಕ್ಕೆ ದಾಖಲೆ ಕೊಡಿ ಎಂದರು. ನಮ್ಮ ತಂದೆಯವರಿಗೆ ರುಜು ಹಾಕುವಷ್ಟು ಮಾತ್ರ ಅಕ್ಷರ. ಆಗ ನಾನು ಪಿ.ಯು.ಸಿ.ಯಲ್ಲಿದ್ದೆನು. ನಮ್ಮ ಮನೆತನದಲ್ಲಿ ಸರ್ಕಾರಕ್ಕೆ ಸ್ವಂತ ಕೈಬರಹದಲ್ಲಿ ಹೋದ ಮೊದಲ ಅರ್ಜಿಯನ್ನು ಬರೆದುದು ನಾನು. ಅದು ಒಂದೇ ಅಲ್ಲ, ಆರು ಅರ್ಜಿಗಳಾದುವು. ಹನ್ನೊಂದು ತಿಂಗಳು ತಂದೆಯವರು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅಲೆದರು. ಕೂಲಿಯ ದಿನಗಳು ಹೋದುವು, ಬಸ್ಸಿನ ಹಣ ಹೋಯಿತು. ಆ ದಿನಗಳಲ್ಲಿ ಯಾರಾದರೂ ನನಗೆ, “ಅಧಿಕಾರಿಯೇ ಇಲ್ಲದ ಖಾತೆಯ ಪುಸ್ತಕವೊಂದಿದೆ” ಎಂದಿದ್ದರೆ ನಾನು ಕೈಮುಗಿದು ಸ್ವಾಗತಿಸುತ್ತಿದ್ದೆನು.

ಆದರೆ ಆ ಕಥೆ ಮುಗಿದ ರೀತಿಯನ್ನೂ ಹೇಳಬೇಕು. ಕೊನೆಗೆ ಒಬ್ಬ ಅಧಿಕಾರಿ ಊರಿಗೆ ಬಂದು, ಅರಳಿಕಟ್ಟೆಯ ಬಳಿ ನೆರೆಹೊರೆಯ ಗದ್ದೆಯವರನ್ನು ಕರೆಸಿ ಮಹಜರು ಮಾಡಿದರು. ನಾಲ್ವರು ಮುದುಕರು, “ಅಯ್ಯನೂ ಅವನೇ, ಅಪ್ಪನೂ ಅವನೇ, ನಾವು ಕಂಡಿದ್ದೇವೆ” ಎಂದು ಹೇಳಿ ಹೆಬ್ಬೆಟ್ಟು ಒತ್ತಿದರು. ಹದಿನೈದು ದಿನಗಳಲ್ಲಿ ತಪ್ಪು ತಿದ್ದಿತು, ಖಾತೆ ಬಂದಿತು. ನಮ್ಮನ್ನು ಹನ್ನೊಂದು ತಿಂಗಳು ಕಾಡಿದುದೂ ಮನುಷ್ಯರ ಕೈಯೇ. ಬಿಡಿಸಿದುದೂ ಮನುಷ್ಯರ ಕೈಯೇ.

ಇದೇ ಗದ್ದೆ ಬ್ಲಾಕ್‌ಚೈನಿನ ಹೆಸರಾಗಿದ್ದರೆ ಏನಾಗುತ್ತಿತ್ತು? ತಾತನವರು ತಮ್ಮ ರಹಸ್ಯ ಕೀಲಿಯನ್ನು ಯಾರಿಗೂ ಹೇಳದೆ ಕಣ್ಣು ಮುಚ್ಚಿದ್ದರೆ, ಪುಸ್ತಕ ಎಂದೆಂದಿಗೂ ಅವರ ಹೆಸರನ್ನೇ ಹೇಳುತ್ತಿತ್ತು. ಬಾಡಿಗೆಯ ಹೆಸರಾದರೆ ಗಡುವು ಮುಗಿದ ಮೇಲೆ ಯಾರೋ ದಾರಿಹೋಕರ ಪಾಲಾಗುತ್ತಿತ್ತು. ನಾಲ್ವರು ಮುದುಕರ ಸಾಕ್ಷಿಯನ್ನು ಕೇಳುವ ಕಿವಿ ಆ ಪುಸ್ತಕಕ್ಕಿಲ್ಲ. ಇದು ಕಲ್ಪನೆಯ ಭಯವಲ್ಲ. ಬ್ರಿಟನ್ನಿನ ವೇಲ್ಸ್ ಪ್ರಾಂತದ ನ್ಯೂಪೋರ್ಟಿನಲ್ಲಿ ಒಬ್ಬಾತ, ಸುಮಾರು 8,000 ಬಿಟ್‌ಕಾಯಿನ್‌ಗಳ ಕೀಲಿಯಿದ್ದ ಗಣಕದ ಡಿಸ್ಕು 2013ರಲ್ಲಿ ಕಸದ ಗುಂಡಿಗೆ ಹೋಯಿತೆಂದು ವರ್ಷಗಟ್ಟಲೆ ಪರಿತಪಿಸಿ ಹುಡುಕಲು ಹೋರಾಡಿದನು. ಪುಸ್ತಕದಲ್ಲಿ ಹಣವಿದೆ, ಎಲ್ಲರೂ ನೋಡಬಹುದು, ಮುಟ್ಟುವವರಿಲ್ಲ. ಕೀಲಿ ಕದ್ದವನು ಹೆಸರನ್ನು ತನ್ನದಾಗಿ ಮಾಡಿಕೊಂಡರೂ ಅಷ್ಟೇ. ನಿಯಮದ ದೃಷ್ಟಿಯಲ್ಲಿ ಅವನೇ ಒಡೆಯ. ಕಿತ್ತುಕೊಳ್ಳುವ ಕೈಯಿಲ್ಲದ ಕಡೆ ಹಿಂದಿರುಗಿಸುವ ಕೈಯೂ ಇರುವುದಿಲ್ಲ.

ಇದಕ್ಕೆ ಅವರೂ ಉಪಾಯ ಹುಡುಕಿರುವರೆಂಬುದನ್ನು ನ್ಯಾಯವಾಗಿ ಹೇಳಬೇಕು. ಒಂದು ಕೀಲಿಯ ಬದಲು ಮೂವರ ಕೈಯಲ್ಲಿ ಮೂರು ಕೀಲಿಗಳನ್ನಿಟ್ಟು, ಇಬ್ಬರು ಒಪ್ಪಿದರೆ ಸಾಕೆಂದು ಏರ್ಪಾಡು ಮಾಡಬಹುದು. ಒಬ್ಬರು ಹೋದರೂ ಹೆಸರು ಉಳಿಯುವುದು. ಒಳ್ಳೆಯ ಉಪಾಯವೇ. ಆದರೆ ಗಮನಿಸಿರಿ: ನಂಬಿಕೆಯೇ ಬೇಡವೆಂದು ಊರು ಬಿಟ್ಟು ಹೋದವರು, ನಂಬಿಕೆಯ ಮೂವರನ್ನು ಆರಿಸಿ ಮತ್ತೆ ಒಂದು ಪಂಚಾಯಿತಿಯನ್ನೇ ಕೂಡಿಸಿದಂತಾಯಿತು!

ಹಾಗಾದರೆ ಈ ಹೊಸ ಪ್ರಯತ್ನಗಳೆಲ್ಲ ವ್ಯರ್ಥವೇ? ನಾನು ಹಾಗೆನ್ನಲಾರೆ. ಅವರು ಎತ್ತಿದ ಪ್ರಶ್ನೆ ನಿಜವಾದುದು. ದಫ್ತರವನ್ನು ಗುಟ್ಟಾಗಿ ತಿದ್ದುವಂತಿರಬಾರದು, ತಿದ್ದಿದರೆ ಎಲ್ಲರಿಗೂ ಕಾಣಬೇಕು ಎಂಬ ಅವರ ತತ್ತ್ವವನ್ನು ಹಳೆಯ ವ್ಯವಸ್ಥೆಯೂ ತನ್ನ ರೀತಿಯಲ್ಲಿ ಅಳವಡಿಸಿಕೊಳ್ಳುತ್ತಿದೆ. 2010ರಿಂದ ಮೂಲ ದಫ್ತರಕ್ಕೆ ಗಣಿತದ ರುಜು ಬಿದ್ದಿದೆ. ಆ ರುಜುವಿನ ಕೀಲಿಯನ್ನು ಹೊರತೆಗೆಯುವಾಗ ಬೇರೆ ಬೇರೆ ದೇಶಗಳ ಸಾಕ್ಷಿಗಳ ಮುಂದೆ, ಎಲ್ಲರೂ ನೋಡುವಂತೆ ವಿಧಿಪೂರ್ವಕವಾಗಿ ತೆಗೆಯುವರು. ಇತ್ತ ಇಎನ್‌ಎಸ್ ಕೂಡ ಹಳೆಯ ವ್ಯವಸ್ಥೆಯ ಹೆಸರುಗಳನ್ನು, ಆ ರುಜುವಿನ ಆಧಾರದ ಮೇಲೆ, ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಎರಡು ದಡಗಳೂ ಒಂದಿಷ್ಟು ಹತ್ತಿರ ಬಂದಿವೆ.

ನನ್ನ ಅಲ್ಪ ತಿಳಿವಳಿಕೆಗೆ ತೋರುವುದಿಷ್ಟು. ಹೆಸರಿನ ಖಾತೆಯನ್ನು ಬರೆಯುವವರು ಇರಲಿ. ಆದರೆ ಅವರು ಬರೆದುದನ್ನು ನಾವೆಲ್ಲರೂ ನೋಡುವಂತಿರಲಿ. ತಿದ್ದುವ ಅಧಿಕಾರ ಇರಲಿ. ಆದರೆ ಕಾರಣ ಹೇಳದೆ, ಸಾಕ್ಷಿ ಕೇಳದೆ ತಿದ್ದುವಂತಿರದಿರಲಿ. ಹನ್ನೊಂದು ತಿಂಗಳು ಹನ್ನೊಂದು ದಿನವಾಗಲಿ. ಆದರೆ ಅರಳಿಕಟ್ಟೆಯ ಮಹಜರು ಇಲ್ಲವಾಗದಿರಲಿ. ಪುಸ್ತಕ ಎಷ್ಟು ಗಟ್ಟಿಯಾದುದಾದರೂ ಅದರಲ್ಲಿ ಬರೆದ ಹೆಸರು ಮನುಷ್ಯನದು. ಮನುಷ್ಯನು ತಪ್ಪು ಬರೆಯುವನು, ಕೀಲಿ ಕಳೆಯುವನು, ಒಂದು ದಿನ ಸಾಯುವನು.

ಕನ್ನಡದ ಬಾಗಿಲಿನ ವಿಷಯದಲ್ಲಿ ಇನ್ನೊಂದು ಮಾತು. ಕನ್ನಡ ಲಿಪಿಯ ‘ಭಾರತ’ ಮೂಲ ದಫ್ತರದಲ್ಲಿದೆ; ಅಕ್ಷರದ ನಿಯಮಗಳೂ ಸಿದ್ಧವಾಗಿವೆ. ಆದರೂ ಕನ್ನಡದ ಜಾಲತಾಣಗಳಲ್ಲಿ ಹೆಚ್ಚಿನವು ಇಂದಿಗೂ ಇಂಗ್ಲಿಷ್ ಅಕ್ಷರದ ಬೋರ್ಡನ್ನೇ ತೂಗಿವೆ. ನಮ್ಮ ತಂದೆಯವರಂತೆ ತನ್ನ ಹೆಸರನ್ನಷ್ಟೇ ಕನ್ನಡದಲ್ಲಿ ಬರೆಯಬಲ್ಲವರಿಗೆ ಆ ಬಾಗಿಲು ಕಾಣುವುದಿಲ್ಲ. ಹೆಸರಿನ ಒಡೆತನ ಯಾರದೆಂಬ ಚರ್ಚೆ ದೊಡ್ಡವರ ನಡುವೆ ನಡೆಯುತ್ತಿರಲಿ. ದೊರೆತಿರುವ ಹೆಸರನ್ನು ಬರೆದು ಬಳಸುವ ಕೆಲಸ ನಮ್ಮದು. ಆ ಕೆಲಸವನ್ನು ನಮ್ಮ ಕಾಲೇಜಿನ ಯಾರಾದರೊಬ್ಬರು ಮುಂದಿನ ವರ್ಷವೇ ಆರಂಭಿಸಿದರೆ, ಈ ಲೇಖನ ಬರೆದುದು ಸಾರ್ಥಕವೆಂದು ಭಾವಿಸುವೆನು.